ಎಡಗಿವಿಗೆ ಎರಡು ಬೆರಳು ಕಡಿಮೆ

1976ರ ಅಕ್ಟೋಬರ್ ತಿಂಗಳಲ್ಲಿ ನನ್ನ ಕುಬುಸಕ್ಕೆಂದು, ಸೀಮಂತದ ಕಾರ್ಯಕ್ಕೆಂದು, ದೇವದುರ್ಗದ ತವರುಮನೆಯಲ್ಲಿ ಹಸಿರು ಸೀರೆ, ಹಸಿರು ಬಳೆ ಎಲ್ಲಾ ತಂದಿಟ್ಟಿದ್ದರು. ಕಾರ್ಯಕ್ಕೆ ಇನ್ನೂ ಐದು ದಿನ ಇತ್ತು. ಆ ಸೀರೆಯನ್ನು ನಾನು ಉಡಲೇ ಇಲ್ಲ. ಆರು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದವು. ಬೆಳಿಗ್ಗೆ ಜೋಳ ಹಸನು ಮಾಡುತ್ತ ಕೂತವಳಿಗೆ ಸೊಂಟ ಹಿಡಿದುಕೊಂಡಿತು, ಮಧ್ಯಾಹ್ನ ಊಟದ ಹೊತ್ತಿಗೆ ಕೂಸು ಹೊರಗೆ ಬಂದಿತ್ತು. ಸೂಲಗಿತ್ತಿ ಬರುವಷ್ಟು ಪುರಸೊತ್ತನ್ನೂ ಕೊಡಲಿಲ್ಲ. ಈ ಅವಸರ ಎಲ್ಲಾ ತಾಯಿಯಿಂದಲೇ ಬಂದದ್ದು ಎಂದು ನನ್ನ ಅವ್ವ ಮುಂದೆ ಎಷ್ಟೋ ವರ್ಷ ಆಡಿಕೊಂಡಳು. ಸುಳ್ಳೇನಲ್ಲ. ಒಲೆಯ ಮೇಲಿನ ಹಾಲು ಉಕ್ಕುವ ತನಕ ಎದುರಿಗೆ ನಿಲ್ಲುವ ತಾಳ್ಮೆ ನನಗೆ ಇವತ್ತಿಗೂ ಇಲ್ಲ.

ಹೆಣ್ಣು ಕೂಸು. ಎರಡು ಅಂಗೈ ಜೋಡಿಸಿದರೆ ಅದರೊಳಗೆ ಹಿಡಿಸುವಷ್ಟು. ಚರ್ಮದ ಕೆಳಗಿನ ನರಗಳೆಲ್ಲ ಕಾಣುತ್ತಿದ್ದವು. ಅಳಲು ಬಾರದೆ ಬೆಕ್ಕಿನ ಮರಿಯ ಹಾಗೆ ಸಣ್ಣ ದನಿ ತೆಗೆಯಿತು. ನೋಡಲು ಬಂದ ಓಣಿಯ ಹೆಂಗಸರು ಬಾಗಿಲಲ್ಲೇ ನಿಂತು ಲೊಚಗುಟ್ಟಿ ಹೋದರು. ಒಬ್ಬಾಕೆಯಂತೂ ಹೆಸರು ಇಡುವ ಗೋಜಿಗೆ ಹೋಗಬೇಡಿ ಎಂದು ನನ್ನ ಕಿವಿಗೆ ಬೀಳುವಂತೆಯೇ ಹೇಳಿದಳು. ಅವ್ವ ಯಾರ ಮಾತಿಗೂ ಕಿವಿಗೊಡಲಿಲ್ಲ. ದಿಂಬಿಗೆಂದು ಇಟ್ಟಿದ್ದ ಹೊಸ ಅರಳೆಯಲ್ಲಿ ಕೂಸನ್ನು ಸುತ್ತಿ, ಮೇಲೆ ಕುಬುಸದ ಹಸಿರು ಸೀರೆಯನ್ನು ಸುತ್ತಿ, ತನ್ನ ಎದೆಯ ಬರಿಮೈಗೆ ಒತ್ತಿಕೊಂಡು ಮೇಲೆ ಸೆರಗು ಹೊದ್ದಳು. ಓಣಿಯವರೊಬ್ಬರ ಜೀಪಿನಲ್ಲಿ ರಾಯಚೂರಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಒಂದೇ ಕೇಳುತ್ತಿದ್ದೆ, ಉಸಿರಾಡುತ್ತಿದೆಯೇ ಎಂದು. ಅವ್ವ ಪ್ರತಿ ಸಲವೂ ಹ್ಞೂಂ ಎನ್ನುತ್ತಿದ್ದಳು. ಅರ್ಧ ದಾರಿಯಲ್ಲಿ ತನಗೂ ಗೊತ್ತಾಗದೆ ಸುಮ್ಮನೆ ಹ್ಞೂಂ ಅಂದೆ ಎಂದು ಆಮೇಲೆ ಹೇಳಿದಳು.

ಆಸ್ಪತ್ರೆಯಲ್ಲಿ ಕಟ್ಟಿಗೆಯ ಪೆಟ್ಟಿಗೆಯೊಂದರಲ್ಲಿ ಎರಡು ಬಲ್ಬು ಹಚ್ಚಿ ಅದರೊಳಗೆ ಕೂಸನ್ನು ಮಲಗಿಸಿದರು. ತೂಕ ಎರಡು ಪೌಂಡು ಚಿಲ್ಲರೆ. ಶಾಯಿ ಪೆನ್ನಿಗೆ ಹಾಕುವಂಥ ಫಿಲ್ಲರನ್ನು ಕುದಿಸಿ, ಎದೆಹಾಲನ್ನು ಹನಿ ಹನಿಯಾಗಿ ತುಟಿಯ ಮೇಲೆ ಬಿಡುತ್ತಿದ್ದೆ. ಹೀಗೆ ಎರಡು ತಿಂಗಳು ಕಳೆದವು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ.

“ನೋಡ್ರಿ, ಇಷ್ಟು ಲಗೂ ಹುಟ್ಟಿದ ಕೂಸು ಉಳಿಯೋದ ಕಡಿಮಿ. ಉಳದವು ಮುಂದ ಹ್ಯಾಂಗ ಬೆಳೀತಾವ ಅಂತ ಖರೇ ಹೇಳಬೇಕಂದ್ರ ನಮಗೂ ಪೂರಾ ಗೊತ್ತಿಲ್ಲ. ಕಣ್ಣು, ಕಿವಿ, ಕೈಕಾಲು, ಮಾತು, ಎಲ್ಲಾದರ ಮ್ಯಾಲೂ ನಿಗಾ ಇಡ್ರಿ. ಆದ್ರ ವಯಸ್ಸು ಹುಟ್ಟಿದ ದಿನದಿಂದ ಎಣಸಬ್ಯಾಡ್ರಿ. ಹುಟ್ಟಬೇಕಾಗಿದ್ದ ದಿನದಿಂದ ಎಣಸ್ರಿ.”

ನಿಗಾ ಇಡಿ ಎಂದು ಆಕೆ ಬೇರೆ ಯಾರಿಗಾದರೂ ಹೇಳಬಹುದಿತ್ತು, ನನಗೆ ಹೇಳಬಾರದಿತ್ತು. ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪರೀಕ್ಷೆ ಮಾಡುವುದೇ ನನ್ನ ಕಸುಬು. ಮಗಳಿಗೆ ಮಲ್ಲಮ್ಮ ಎಂದು ನನ್ನ ಅಜ್ಜಿಯ ಹೆಸರಿಟ್ಟು, ಮಲ್ಲಿ ಎಂದು ಕರೆಯುತ್ತ ಮಾನ್ವಿಗೆ ಕರೆತಂದೆವು. ಅವ್ವನೂ ನಮ್ಮ ಜೊತೆ ಬಂದು ಉಳಿದಳು. ಬಂದ ವಾರವೇ ನಾನು ನೂರು ಹಾಳೆಯ ನೋಟುಬುಕ್ಕೊಂದನ್ನು ತಂದು ನಡುವೆ ಗೀಟು ಎಳೆದೆ. ಎಡಗಡೆ ‘ಬೇರೆ ಮಕ್ಕಳು’, ಬಲಗಡೆ ‘ಮಲ್ಲಿ’.

ಆಮೇಲೆ ನನ್ನ ಮನೆಯಲ್ಲಿ ನೆಮ್ಮದಿ ಎಂಬುದು ಇರಲಿಲ್ಲ. ಕೂಸಿನ ಬೆನ್ನ ಹಿಂದೆ ಹೋಗಿ ತಾಟು ಬಡಿಯುತ್ತಿದ್ದೆ, ಕಿವಿ ಕೇಳುತ್ತದೆಯೋ ಇಲ್ಲವೋ ನೋಡಲು. ಕಡ್ಡಿ ಗೀರಿ ಕಣ್ಣ ಮುಂದೆ ಆಡಿಸುತ್ತಿದ್ದೆ. ಅಂಗಾಲು ಚಿವುಟುತ್ತಿದ್ದೆ. ಮಗ್ಗುಲ ಮನೆಯಲ್ಲಿ ಜನವರಿಯಲ್ಲಿ ಒಂದು ಗಂಡುಕೂಸು ಹುಟ್ಟಿತ್ತು. ಅಂದರೆ ನನ್ನ ಮಗಳು ಹುಟ್ಟಬೇಕಾಗಿದ್ದ ಹೊತ್ತಿಗೆ. ಆ ಹುಡುಗ ಮಗ್ಗುಲಾದರೂ ನನಗೆ ಸಂಕಟ, ಬೋರಲಾದರೂ ಸಂಕಟ. ಯಾವುದೋ ನೆಪ ಮಾಡಿಕೊಂಡು ಅವರ ಮನೆಗೆ ಹೋಗಿ ಅದು ಏನು ಮಾಡುತ್ತಿದೆ ಎಂದು ನೋಡಿ ಬಂದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಅದು ಕೂತಾಗ ಮಲ್ಲಿ ಇನ್ನೂ ಕತ್ತು ಹೊರಳಿಸುತ್ತಿದ್ದಳು. ಅದು ಓಡಾಡುವಾಗ ಇವಳು ಕೂತಿದ್ದಳು. ನಡೆದದ್ದು ಎರಡು ವರ್ಷ ದಾಟಿದ ಮೇಲೆ. ಅದೂ ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರದೆ, ತುದಿಗಾಲಿನಲ್ಲಿ. ನಾಲ್ಕನೇ ವರ್ಷಕ್ಕೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಬಂತು. ಆರು ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಡಾಕ್ಟರಮ್ಮನಿಗೆ ತೋರಿಸುತ್ತಿದ್ದೆ. ಆಕೆ ಹೇಳಿಕೊಟ್ಟಂತೆ ದಿನಾ ಕುಸುಬಿ ಎಣ್ಣೆ ಹಚ್ಚಿ ಆ ಕಾಲನ್ನು ನೀವಿ, ಹಿಮ್ಮಡಿ ಹಿಡಿದು ಬಗ್ಗಿಸುತ್ತಿದ್ದೆ.

ನನ್ನ ಗಂಡ ರೈಸ್‌ಮಿಲ್ಲಿನಲ್ಲಿ ಗುಮಾಸ್ತರು. ದಿನವಿಡೀ ಚೀಲ ತೂಗಿಸುವುದು ಅವರ ಕೆಲಸ. ಸಿಟ್ಟು ಮಾಡುವವರಲ್ಲ. ಒಂದು ದಿನ ಮಾತ್ರ ನನ್ನ ಕೈಯಿಂದ ನೋಟುಬುಕ್ಕು ತೆಗೆದಿಟ್ಟು, “ನೀ ಕೂಸು ಬೆಳಸಾಕತ್ತೀಯೋ, ತೂಗಾಕತ್ತೀಯೋ?” ಎಂದರು. ನಾನು ಅವರ ಮೇಲೆ ಹರಿಹಾಯ್ದೆ. ನೀವು ಗಂಡಸರು ಬೆಳಿಗ್ಗೆ ಎದ್ದು ಮಿಲ್ಲಿಗೆ ಹೋಗುತ್ತೀರಿ, ಊರಿನವರ ಮಾತು ಕೇಳುವವಳು ನಾನು ಎಂದೆ. ಊರಿನವರು ಅಂಥಾದ್ದೇನೂ ಅಂದಿರಲಿಲ್ಲ. ಎಲ್ಲಾ ಮಾತು ನನ್ನ ತಲೆಯೊಳಗೇ ಇದ್ದವು.

ಇನ್ನು ನಮ್ಮ ಶಾಲೆಯ ಸಂಗತಿ ಹೇಳಬೇಕು. ನಮ್ಮ ಕಡೆ ಆಗ ಹುಟ್ಟಿದ ತಾರೀಕು ಯಾರ ಮನೆಯಲ್ಲಿ ಬರೆದಿಟ್ಟಿರುತ್ತಿದ್ದರು? ಹೊಳೆ ಬಂದ ವರ್ಷ ಹುಟ್ಟಿದ, ದೊಡ್ಡಾಕೆಯ ಮದುವೆಯ ಹಿಂದಿನ ವರ್ಷ ಹುಟ್ಟಿದಳು, ಇಷ್ಟೇ. ಅದಕ್ಕೆ ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗ ಒಂದು ಅಳತೆ ಇತ್ತು. ಮಗು ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ಆಯಿತೆಂದು ಲೆಕ್ಕ, ಹೆಸರು ಬರೆದುಕೊಳ್ಳುವುದು. ಮುಟ್ಟದಿದ್ದರೆ ಬರುವ ವರ್ಷ ಬಾ ಎಂದು ಕಳಿಸುವುದು. ಒಂದು, ಎರಡು, ಎರಡೂ ತರಗತಿ ನನ್ನವೇ ಆದದ್ದರಿಂದ ಈ ಕೆಲಸವೂ ನನ್ನದೇ. ನಾನು ಅದರಲ್ಲಿ ಬಲು ಕಟ್ಟುನಿಟ್ಟು. ಕತ್ತು ವಾಲಿಸಿ ಮುಟ್ಟುವವರನ್ನು ನೆಟ್ಟಗೆ ನಿಲ್ಲಿಸಿ ಮತ್ತೊಮ್ಮೆ ಮುಟ್ಟಿಸುತ್ತಿದ್ದೆ. ಎಷ್ಟು ಮಕ್ಕಳನ್ನು ಹಿಂದಕ್ಕೆ ಕಳಿಸಿದೆನೋ, ಅವರಲ್ಲಿ ಎಷ್ಟು ಮಂದಿ ಮರುವರ್ಷ ತಿರುಗಿ ಬಂದರೋ, ಆಗ ನಾನು ವಿಚಾರ ಮಾಡಿದವಳಲ್ಲ.

ಮಲ್ಲಿಯನ್ನು ಶಾಲೆಗೆ ಸೇರಿಸಲು ಈ ಅಳತೆ ಬೇಕಾಗಿಯೇ ಇರಲಿಲ್ಲ. ಆಸ್ಪತ್ರೆಯ ಚೀಟಿ ಇತ್ತು, ಅದರಲ್ಲಿ ತಾರೀಕು ಇತ್ತು. ಆದರೆ ನನಗೆ ಚೀಟಿಯ ಮೇಲೆ ನಂಬಿಕೆ ಇರಲಿಲ್ಲ. ಎಲ್ಲರ ಮಕ್ಕಳು ಮುಟ್ಟುವ ಕಿವಿಯನ್ನು ನನ್ನ ಮಗಳೂ ಮುಟ್ಟಿದರೆ ಅವಳು ಎಲ್ಲರ ಹಾಗೆ ಆದಳು, ನನ್ನ ನಿಗಾ ಅಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಗಂಟು ಹಾಕಿಕೊಂಡಿದ್ದೆ. 1982ರ ಜೂನ್‌ನಲ್ಲಿ ಮನೆಯಲ್ಲೇ ಕೈ ಎತ್ತಿಸಿ ನೋಡಿದೆ. ಬೆರಳು ನಡುನೆತ್ತಿಯನ್ನೂ ದಾಟಲಿಲ್ಲ. ಆ ವರ್ಷ ಸೇರಿಸಲಿಲ್ಲ. ಅಲ್ಲಿಂದ ಒಂದು ವರ್ಷ ಪ್ರತಿದಿನ ಬೆಳಿಗ್ಗೆ ರೊಟ್ಟಿ ಕೊಡುವ ಮೊದಲು ಕೈ ಎತ್ತು ಎನ್ನುತ್ತಿದ್ದೆ. ಅವಳು ಎತ್ತುತ್ತಿದ್ದಳು. ಕಿವಿಯನ್ನೇ ಬೆರಳಿನ ಹತ್ತಿರ ತರಲು ಕತ್ತು ವಾಲಿಸುತ್ತಿದ್ದಳು, ನಾನು ನೆಟ್ಟಗೆ ಮಾಡುತ್ತಿದ್ದೆ. ಒಂದು ದಿನವೂ ಒಲ್ಲೆ ಅನ್ನಲಿಲ್ಲ. ಎಷ್ಟು ಉಳಿಯಿತಬೇ ಎಂದು ತಾನೇ ಕೇಳುತ್ತಿದ್ದಳು. ಮರುವರ್ಷ ಜೂನ್ ಬರುವ ಹೊತ್ತಿಗೆ ಎರಡು ಬೆರಳು ಕಡಿಮೆ ಇತ್ತು.

ಎರಡು ಬೆರಳು ತಾನೇ, ಆ ದಿನ ಹುರುಪಿನಲ್ಲಿ ಮುಟ್ಟುತ್ತಾಳೆ ಎಂದುಕೊಂಡು ಕರೆದುಕೊಂಡು ಹೋದೆ. ದಾರಿಯಲ್ಲಿ ತಾಕೀತು ಮಾಡಿದೆ, ಶಾಲೆಯಲ್ಲಿ ನಾನು ಅಕ್ಕೋರು, ಅವ್ವ ಅನ್ನಬಾರದು, ಮನೆಯಲ್ಲಿ ಮಾತ್ರ ಅವ್ವ ಎಂದು. ನಮ್ಮ ಕಡೆ ಶಿಕ್ಷಕಿಯರನ್ನು ಮಕ್ಕಳು ಅಕ್ಕೋರು ಎಂದೇ ಕರೆಯುವುದು. ಅವಳು ತಲೆ ಆಡಿಸಿದಳು. ಹೊಸ ಪಾಟಿಚೀಲವನ್ನು ಹೆಗಲಿಗೆ ಹಾಕದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ದಾಖಲಾತಿ ಪುಸ್ತಕ ತೆರೆದು ಕೂತೆ. ಸಾಲು ದೊಡ್ಡದಿತ್ತು. ಮಲ್ಲಿಯ ಮುಂದೆ ದುರ್ಗಿ ಎಂಬ ಹುಡುಗಿ, ಜೊತೆಗೆ ಅವಳ ತಾಯಿ ಹುಲಿಗೆಮ್ಮ. ಹುಲಿಗೆಮ್ಮ ಕಲ್ಲೂರಿನಿಂದ ಬಂದು ಮಾನ್ವಿಯಲ್ಲಿ ನೆಲೆಸಿದ ಹೆಂಗಸು. ಗದ್ದೆಗಳಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ಹಿಂದಿನ ವರ್ಷವೂ ಬಂದಿದ್ದಳು, ದುರ್ಗಿಯ ಕೈ ಮುಟ್ಟಲಿಲ್ಲವೆಂದು ನಾನು ಕಳಿಸಿದ್ದೆ. ಈ ಸಲವೂ ಒಂದು ಬೆರಳು ಕಡಿಮೆ ಬಿತ್ತು. ಬರುವ ವರ್ಷ ಕರೆದುಕೊಂಡು ಬಾ ಎಂದೆ. ಆಕೆ ಏನೋ ಹೇಳಲು ಬಾಯಿ ತೆರೆದಳು, ನಾನು ಮುಂದಿನವರು ಬನ್ನಿ ಎಂದು ಕೂಗಿಬಿಟ್ಟೆ. ಆಕೆ ಮಗಳ ಕೈ ಹಿಡಿದು ಪಕ್ಕಕ್ಕೆ ಸರಿದು ಅಲ್ಲೇ ಕಂಬಕ್ಕೆ ಒರಗಿ ನಿಂತಳು.

ಮುಂದಿನವಳು ಮಲ್ಲಿ.

ಅವಳು ಚೀಲವನ್ನು ಕಾಲ ಬಳಿ ಇಟ್ಟು ಕೈ ಎತ್ತಿದಳು. ಎಷ್ಟು ಸೆಟೆದು ನಿಂತಿದ್ದಳೆಂದರೆ ಎಡಗಾಲು ನಡುಗುತ್ತಿತ್ತು. ಬೆರಳು ಕಿವಿಯ ಮೇಲಿನ ಕೂದಲ ತನಕ ಬಂದು ನಿಂತಿತು. ಆ ಎರಡು ಬೆರಳು ಹಾಗೇ ಉಳಿದಿತ್ತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು, ಅಥವಾ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ನಾನು ಎದ್ದು ನಿಂತು, ಅಂಗಿಯ ತೋಳು ಸರಿಮಾಡುವವಳ ಹಾಗೆ ಅವಳ ಮೊಣಕೈಗೆ ಕೈ ಹಚ್ಚಿ, ಮೇಲಕ್ಕೆ ನೂಕಿದೆ. ಬೆರಳು ಕಿವಿಗೆ ತಾಕಿತು. ಮಲ್ಲಿ ನೋವಿನಿಂದ ಕಣ್ಣು ಮುಚ್ಚಿದಳು. ಮುಟ್ಟಿತು ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಆಗ ಕಂಬದ ಹತ್ತಿರದಿಂದ ಹುಲಿಗೆಮ್ಮ ಅಂದಳು, “ಅಕ್ಕೋರ, ನನ್ನ ಮಗಳದೂ ಹಂಗ ಒಂದೀಟು ನೂಕ್ರಲ್ಲ.”

ಆಕೆ ಕುಟುಕಲು ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ನನ್ನ ನಾಲಿಗೆಯೂ ಸಣ್ಣದಲ್ಲ, ಜಗಳ ತೆಗೆದು ಗೆದ್ದುಬಿಡುತ್ತಿದ್ದೆ. ಆದರೆ ಆಕೆಯ ದನಿಯಲ್ಲಿ ಕುಟುಕೇ ಇರಲಿಲ್ಲ. ಹಾಗೆ ನೂಕುವುದೂ ಒಂದು ರೀತಿ ಇದೆ, ತನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಎಂಬಂತೆ ನಿಜವಾಗಿಯೇ ಕೇಳಿಕೊಂಡಳು. ನನ್ನ ಮುಖಕ್ಕೆ ಹೊಡೆದಂತಾಯಿತು. ಒಳಗೆ ಕೂತಿದ್ದ ಹೆಡ್‌ಮಾಸ್ತರರು ತಲೆ ಎತ್ತಿ ನೋಡಿದ್ದು ಕಾಣಿಸಿತು. ನೆಲ ಬಾಯಿಬಿಟ್ಟಿದ್ದರೆ ಅವತ್ತು ಇಳಿದುಬಿಡುತ್ತಿದ್ದೆ.

ಆಕೆಯನ್ನೇ ಹತ್ತಿರ ಕರೆದೆ. ಆಕೆ ಮಗಳ ಗದ್ದ ಹಿಡಿದು ಬಾಯಿ ತೆರೆಸಿದಳು. “ಹಲ್ಲು ನೋಡ್ರಿ ಅಕ್ಕೋರ. ಮುಂದಿನವು ಬಿದ್ದು ಹೊಸಾವು ಬಂದಾವ. ಏಳು ತುಂಬ್ಯಾವ ಇಕಿಗಿ. ಹೊಟ್ಟಿಗಿ ಸರಿಯಾಗಿ ಬಿದ್ದಿಲ್ಲ, ಅದಕ ಕೈ ಬೆಳೆದಿಲ್ರಿ. ಹೋದ ವರ್ಷನೂ ಇದನ್ನ ಹೇಳಾಕ ಬಂದಿದ್ದೆ,” ಎಂದಳು. ನಾನು ನೋಡಿದೆ. ಮೇಲಿನ ಎರಡು ಹೊಸ ಹಲ್ಲು ಗರಗಸದ ಅಂಚಿನೊಂದಿಗೆ ಅರ್ಧ ಇಳಿದಿದ್ದವು. ಕೈ ಗಿಡ್ಡವಾದ ಮಾತ್ರಕ್ಕೆ ವಯಸ್ಸೂ ಗಿಡ್ಡ ಅಲ್ಲ ಎಂಬುದು, ಆರೂವರೆ ವರ್ಷ ಒಂದು ಗಿಡ್ಡ ಕೂಸನ್ನು ಎದೆಗೆ ಕಟ್ಟಿಕೊಂಡು ತಿರುಗಿದ ನನಗೇ ಹೊಳೆದಿರಲಿಲ್ಲ.

ಕೂತು ದುರ್ಗಿಯ ಹೆಸರು ಬರೆದೆ. ಅದರ ಕೆಳಗೆ ನನ್ನ ಮಗಳ ಹೆಸರು ಬರೆಯಲು ಆ ಜನರ ಮುಂದೆ ನನಗೆ ಧೈರ್ಯವಾಗಲಿಲ್ಲ, ಆ ಸಾಲನ್ನು ಖಾಲಿ ಬಿಟ್ಟೆ. ಮಲ್ಲಿ ಮೇಜಿಗೆ ಗದ್ದ ಊರಿ ಪುಸ್ತಕವನ್ನೇ ನೋಡುತ್ತಿದ್ದಳು. ನೀನು ಸುಮ್ಮನೆ ಒಳಗೆ ಹೋಗಿ ಕೂಡು ಎಂದೆ, ಸ್ವಲ್ಪ ಗದರಿಸಿಯೇ ಅಂದಿರಬೇಕು. ಅವಳು ಚೀಲ ಎತ್ತಿಕೊಂಡು ಹೋದಳು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಹೆಡ್‌ಮಾಸ್ತರರು ನನ್ನಿಂದ ಆಸ್ಪತ್ರೆಯ ಚೀಟಿ ಇಸಿದುಕೊಂಡು, ಆ ಖಾಲಿ ಸಾಲಿನಲ್ಲಿ ತಾವೇ ಮಲ್ಲಿಯ ಹೆಸರು ತುಂಬಿದರು. ಚೀಟಿ ಇಟ್ಟುಕೊಂಡು ಕೈ ಯಾಕೆ ನೂಕಿದಿರಿ ಎಂದಷ್ಟೇ ಕೇಳಿದರು. ಮರುದಿನದಿಂದ ನಮ್ಮ ಶಾಲೆಯಲ್ಲಿ ಕಿವಿ ಮುಟ್ಟಿಸುವುದನ್ನು ನಾನು ಬಿಟ್ಟೆ. ಹಲ್ಲು ನೋಡುತ್ತಿದ್ದೆ, ತಾಯಂದಿರನ್ನು ಕೂಡಿಸಿ ಕೇಳುತ್ತಿದ್ದೆ. ಮನೆಯಲ್ಲಿ ಬೆಳಗಿನ ಕೈ ಎತ್ತಿಸುವುದೂ ನಿಂತಿತು. ನನ್ನ ತಪ್ಪನ್ನು ತಿದ್ದಿಕೊಂಡೆ, ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ತರಗತಿಯಲ್ಲಿ ಮಲ್ಲಿ ವಿಚಿತ್ರವಾಗಿ ನಡೆದುಕೊಳ್ಳತೊಡಗಿದಳು. ಎಲ್ಲಿ ಕೂಡಿಸಿದರೂ ಎದ್ದು ಹೋಗಿ ಬಾಗಿಲ ಪಕ್ಕ ಕೂಡುತ್ತಿದ್ದಳು. ದುರ್ಗಿ ಅವಳ ಜೊತೆಗಾತಿ ಆಗಿಬಿಟ್ಟಿದ್ದಳು, ಅವಳೂ ಅಲ್ಲೇ. ಎಲ್ಲಾ ಮಕ್ಕಳು ಚೀಲ ನೆಲಕ್ಕಿಟ್ಟರೆ ಇವಳು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಪಾಟಿ ಇಟ್ಟು ಬರೆಯುತ್ತಿದ್ದಳು. ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಹಾಜರಿ. ಹೆಸರು ಕೂಗಿದರೆ ಉಳಿದ ಮಕ್ಕಳು ಹಾಜರ್ರೀ ಎಂದು ಕಿರುಚುತ್ತಿದ್ದರು. ಮಲ್ಲಮ್ಮ ಎಂದರೆ ಇವಳು ಪಾಟಿ ನೋಡುತ್ತ ಕೂತಿರುತ್ತಿದ್ದಳು. ದುರ್ಗಿಯೇ ‘ಬಂದಾಳ್ರಿ’ ಎನ್ನುತ್ತಿದ್ದಳು. ದಿನವೂ ಇದೇ.

ನನ್ನ ಹಳೆಯ ನೋಟುಬುಕ್ಕು ಮತ್ತೆ ಹೊರಗೆ ಬಂತು. ಕಿವಿ ಹೋಗುತ್ತಿದೆಯೇ? ಬುದ್ಧಿಗೆ ಏನಾದರೂ ಆಗಿದೆಯೇ? ಚೀಲ ಬಿಡದಿರುವುದು ಯಾವ ರೋಗ? ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಓದುವುದರಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು, ಲೆಕ್ಕದಲ್ಲಿ ಮಾತ್ರ ಹಿಂದೆ. ಎಡಗಾಲಿನ ಹಿಮ್ಮಡಿ ಅರ್ಧಕ್ಕರ್ಧ ನೆಲಕ್ಕೆ ಊರುತ್ತಿತ್ತು. ಇದನ್ನೆಲ್ಲ ನಾನು ಬರೆಯಲಿಲ್ಲ. ಬರೆದದ್ದು ಬರೀ ಕೊರತೆ.

ರಾಯಚೂರಿಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಮಲ್ಲಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಹತ್ತು ಹೆಜ್ಜೆ ದೂರದಿಂದ, ಪೇಢೆ ಬೇಕೇನು ಎಂದು ಪಿಸುಗುಟ್ಟಿದರು. ಮಲ್ಲಿ ಗಕ್ಕನೆ ತಿರುಗಿ, ಎಷ್ಟು ಎಂದು ಕೇಳಿದಳು. ಡಾಕ್ಟರಮ್ಮ ನಕ್ಕರು. ಕಿವಿ ನಿಮ್ಮದಕ್ಕಿಂತ ಚುರುಕಾಗಿದೆ ಎಂದರು. ಆಮೇಲೆ ನನ್ನನ್ನು ಕೇಳಿದರು, “ಹೆಸರು ಕೂಗಿದ್ರ ಯಾಕ ಓ ಅನ್ನಂಗಿಲ್ಲ ಅಂತ ಆಕಿನ್ನ ಕೇಳೀರೇನು?”

ಇಲ್ಲ, ಕೇಳಿರಲಿಲ್ಲ. ಏಳು ವರ್ಷ ಅವಳನ್ನು ಅಳೆದಿದ್ದೆ, ಏನನ್ನೂ ಕೇಳಿರಲಿಲ್ಲ. ನಾಚಿಕೆಯ ಮಾತೆಂದರೆ ಬಸ್ಸಿನಲ್ಲಿ ಮಾನ್ವಿಗೆ ಬರುವಾಗಲೂ ಕೇಳಲಿಲ್ಲ. ಡಾಕ್ಟರಮ್ಮನಿಗೆ ಏನು ಗೊತ್ತು, ಹೈದರಾಬಾದಿಗೆ ಹೋಗಿ ತೋರಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

1985ರ ಜನವರಿ, ಒಂದು ಭಾನುವಾರ ಬೆಳಿಗ್ಗೆ. ಮಲ್ಲಿ ಆಗ ಎರಡನೇ ತರಗತಿ. ನಾನು ಅಂಗಳದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ, ಅವ್ವ ಪಕ್ಕದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಒಳಗಿನಿಂದ ಮಲ್ಲಿ ಬಂದು ನನ್ನ ಎದುರಿಗೆ ನಿಂತಳು. ಶಾಲೆಯಲ್ಲಿ ನಿಲ್ಲುವ ಹಾಗೆ ಎರಡೂ ಕಾಲು ಜೋಡಿಸಿ ನಿಂತಿದ್ದಳು.

“ಅಕ್ಕೋರ,” ಎಂದಳು.

ಮನೆಯಲ್ಲಿ ಅಕ್ಕೋರ ಎಂದದ್ದು ಕೇಳಿ ಆಟವಾಡುತ್ತಿದ್ದಾಳೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಬಲಗೈ ಎತ್ತಿ ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಹಿಡಿದಳು. ಬರೀ ಮುಟ್ಟಲಿಲ್ಲ, ಎರಡು ಬೆರಳಿನಿಂದ ಕಿವಿಯ ತುದಿಯನ್ನು ಬಿಗಿಯಾಗಿ ಹಿಡಿದಳು. ಕತ್ತು ಒಂದಿಷ್ಟೂ ವಾಲಿರಲಿಲ್ಲ.

“ಮುಟ್ಟಿತ್ರಿ. ಈಗ ನನ್ನ ಹೆಸರು ಬರಕೋತೀರೇನ್ರಿ?”

ನನಗೆ ಮೊದಲು ಅರ್ಥವೇ ಆಗಲಿಲ್ಲ. ನಿನ್ನ ಹೆಸರು ಅವತ್ತೇ ಬರೆದಾಗಿದೆಯಲ್ಲ ಎಂದೆ. ಅವಳು ಕೈ ಇಳಿಸದೆಯೇ ತಲೆ ಅಲ್ಲಾಡಿಸಿದಳು. “ದುರ್ಗಿದು ಬರದ್ರಿ. ನಂದು ಬರೀಲಿಲ್ರಿ. ನಂದು ಮುಟ್ಟಿರಲಿಲ್ಲ, ನೀವು ನೂಕಿದ್ರಿ. ಸುಮ್ನ ಹೋಗಿ ಕೂಡು ಅಂದ್ರಿ.”

ಮೊರ ಕೈ ತಪ್ಪಿ ಅಕ್ಕಿ ಚೆಲ್ಲಿತು. ಒಂದೂವರೆ ವರ್ಷ ನನ್ನ ಮಗಳು ತಾನು ಶಾಲೆಗೆ ಸೇರಿಲ್ಲ, ಸುಮ್ಮನೆ ಕೂಡಲು ಬಿಟ್ಟಿದ್ದಾರೆ ಎಂದು ತಿಳಿದು ಕೂತಿದ್ದಳು. ನಾನು ದಿನಾ ಕೂಗುತ್ತಿದ್ದ ಹೆಸರೂ ನೂಕಿದ ಕೈಯ ಹಾಗೆ ಬರೀ ತೋರಿಕೆಗೆ ಎಂದುಕೊಂಡಿದ್ದಳಂತೆ. ಹೆಸರಿಲ್ಲದವಳು ಹಾಜರಿಗೆ ಓ ಎನ್ನುವುದು ಹೇಗೆ? ಚೀಲ ಯಾಕೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ ಎಂದು ಆಗ ಕೇಳಿದೆ, ಜೀವನದಲ್ಲಿ ಮೊದಲ ಸಲ ಕೇಳಿದೆ. ಎದ್ದು ಹೋಗು ಎಂದರೆ ಬೇಗ ಹೋಗಲು ಎಂದಳು. ಬಾಗಿಲ ಪಕ್ಕವೂ ಅದಕ್ಕೇ. ನಾನು ಬೆಳಗಿನ ಅಳತೆ ಬಿಟ್ಟ ಮೇಲೂ ಅವಳು ಬಿಟ್ಟಿರಲಿಲ್ಲ. ದಿನವೂ ಹಿತ್ತಲಿನಲ್ಲಿ ನಿಂತು ಕೈ ಎತ್ತಿ ನೋಡಿಕೊಳ್ಳುತ್ತಿದ್ದಳಂತೆ. ದುರ್ಗಿ ಎದುರು ನಿಂತು ಕತ್ತು ವಾಲಿದೆಯೇ ಎಂದು ಹೇಳುತ್ತಿದ್ದಳಂತೆ. ಎರಡು ಬೆರಳಿನ ಅಂತರ ಒಂದಕ್ಕೆ ಇಳಿದದ್ದು ದೀಪಾವಳಿಗೆ, ಪೂರಾ ಮುಟ್ಟಿದ್ದು ಹಿಂದಿನ ದಿನ.

ನಾನು ಅಳುತ್ತೇನೆ ಎಂದು ಅವ್ವ ಅಂದುಕೊಂಡಳಂತೆ. ಅಳಲು ಎಲ್ಲಿ ಪುರಸೊತ್ತು? ಚೆಲ್ಲಿದ ಅಕ್ಕಿಯನ್ನು ಹಾಗೇ ಬಿಟ್ಟು, ಮಲ್ಲಿಯ ಕೈ ಹಿಡಿದು ಹೊರಟುಬಿಟ್ಟೆ. ಸೋಮವಾರದ ತನಕ ಕಾಯಲು ನನ್ನಿಂದ ಆಗುತ್ತಿರಲಿಲ್ಲ. ಹೆಡ್‌ಮಾಸ್ತರರ ಮನೆಗೆ ಹೋಗಿ ಶಾಲೆಯ ಬೀಗದ ಕೈ ಕೇಳಿದೆ. ಅವರು ನನ್ನ ಮುಖ ನೋಡಿ, ಏನು ಎತ್ತ ಎಂದು ಕೇಳದೆ ಅಂಗಿ ತೊಟ್ಟು ತಾವೇ ಬಂದರು. ದಾರಿಯಲ್ಲಿ ವಿಷಯ ಹೇಳಿದೆ.

ಬೀರು ತೆಗೆದು 1983ರ ದಾಖಲಾತಿ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಮಲ್ಲಿ ಕನ್ನಡಕವನ್ನು ಹಾಳೆಗೆ ತಾಗುವಷ್ಟು ಹತ್ತಿರ ತಂದು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ತನ್ನ ಹೆಸರು, ಅಪ್ಪನ ಹೆಸರು, ಊರು, ತಾರೀಕು. ಎರಡು ಸಲ ಓದಿದಳು. ದುರ್ಗಿಯ ಕೆಳಗೇ ಇದೆ ಎಂದಳು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, “ಅವತ್ತಿಂದನ ಅದ ಏನ್ರಿ ಇದು?” ಎಂದು ಕೇಳಿದಳು.

“ಅವತ್ತಿಂದನ ಅದಬೇ ತಾಯಿ. ನಾನ ಬರದೀನಿ,” ಎಂದು ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನಾನು ಅವಳ ಮುಂದೆ ಕೂತು, ತಪ್ಪು ನನ್ನದು, ನಿನ್ನ ಕೈಯದಲ್ಲ ಎಂದೆ. ಅವಳಿಗೆ ನನ್ನ ಮಾತಿಗಿಂತ ಆ ಸಾಲೇ ಹೆಚ್ಚಾಗಿತ್ತು. ಇನ್ನೊಮ್ಮೆ ಓದಲೇ ಎಂದು ಕೇಳಿ, ಓದಿದಳು.

ಸೋಮವಾರ ನಾನು ಹಾಜರಿ ಪುಸ್ತಕ ತೆರೆದೆ. ದುರುಗಮ್ಮ ಎಂದೆ. ಹಾಜರ್ರೀ. ಮಲ್ಲಮ್ಮ ಎಂದೆ. ಬಾಗಿಲ ಪಕ್ಕದಿಂದ “ಹಾಜರ್ರೀ” ಎಂದು ಎಂಥ ದನಿ ಬಂತೆಂದರೆ ತರಗತಿಯೆಲ್ಲ ನಕ್ಕಿತು. ದುರ್ಗಿಯಂತೂ ಕಿವಿ ಮುಚ್ಚಿಕೊಂಡಳು. ತಲೆ ಎತ್ತಿ ನೋಡಿದೆ. ಚೀಲ ನೆಲದ ಮೇಲಿತ್ತು.

ಇದೆಲ್ಲ ಆಗಿ ನಾಲ್ಕು ವರ್ಷ ಕಳೆದಿವೆ. ಮಲ್ಲಿ ಈಗ ಆರನೇ ತರಗತಿ. ಓಡುವಾಗ ಎಡಗಾಲು ಸ್ವಲ್ಪ ಹಿಂದೆ ಬೀಳುತ್ತದೆ, ಕನ್ನಡಕ ಇನ್ನೂ ದಪ್ಪವಾಗಿದೆ, ಭಾಗಾಕಾರ ಕಂಡರೆ ಹೊಟ್ಟೆನೋವು ಬರುತ್ತದೆ. ಹೋದ ವರ್ಷ ರಾಯಚೂರಿನಲ್ಲಿ ಏಳು ತಿಂಗಳಿಗೆ ಹೆತ್ತ ಹುಡುಗಿಯೊಬ್ಬಳನ್ನು ಡಾಕ್ಟರಮ್ಮ ನನ್ನ ಮುಂದೆ ಕೂಡಿಸಿ, ಇವರನ್ನು ಕೇಳು ಎಂದರು. ಆ ಹುಡುಗಿ ನನ್ನ ಕೈ ಹಿಡಿದು, ನಿಮ್ಮ ಮಗಳು ಎಷ್ಟಕ್ಕೆ ಕೂತಳು, ಎಷ್ಟಕ್ಕೆ ನಡೆದಳು ಎಂದು ಉಸಿರು ಬಿಡದೆ ಕೇಳಿದಳು. ನೋಟುಬುಕ್ಕಿನಲ್ಲಿದ್ದ ತಾರೀಕುಗಳೆಲ್ಲ ನನಗೆ ಬಾಯಿಗೆ ಬರುತ್ತವೆ. ಹೇಳಿದೆ. ಆದರೆ ಹೇಳಬೇಕಾಗಿದ್ದು ಅದಲ್ಲ ಎಂದು ತಿಳಿದು, ನಿಮ್ಮ ಕೂಸಿಗೆ ಮಾತು ಬಂದ ದಿನದಿಂದ ಅದನ್ನೇ ಕೇಳಿರಿ ಎಂದೆ. ಆಕೆಗೆ ಅದು ಅರ್ಥವಾಗಲಿಲ್ಲ. ನನಗಾದರೂ ಎಷ್ಟು ವರ್ಷ ಹಿಡಿಯಿತು!

ನನ್ನ ಚಡಪಡಿಕೆ ಹೋಗಿಲ್ಲ. ಅದು ನನ್ನ ಹುಟ್ಟುಗುಣ, ಮಣ್ಣಿಗೆ ಹೋಗುವ ತನಕ ಇರುತ್ತದೆ. ಆ ಒಂದೂವರೆ ವರ್ಷ ಎಷ್ಟು ಸಲ ಅವಳ ಹೆಸರನ್ನು ಕೂಗಿದೆನೋ, ಅಷ್ಟೂ ಸಲ ಅವಳು ತಲೆ ತಗ್ಗಿಸಿ ಏನು ಯೋಚಿಸುತ್ತಿದ್ದಳು ಎಂದು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ. ಅವಳು ಮರೆತಿದ್ದಾಳೆ, ನಾನು ಮರೆತಿಲ್ಲ. ಕಿವಿ ಮುಟ್ಟಿಸುವುದನ್ನು ನಾನು ಬಿಟ್ಟು ಇಷ್ಟು ವರ್ಷವಾದರೂ ಜೂನ್ ತಿಂಗಳಲ್ಲಿ ತಾಯಂದಿರು ಮಕ್ಕಳನ್ನು ನನ್ನ ಮೇಜಿನ ಮುಂದೆ ತಂದು ನಿಲ್ಲಿಸುತ್ತಾರೆ, ಹಳೆಯ ರೂಢಿಯಿಂದ ಮಗುವಿನ ಬಲಗೈಯನ್ನು ತಾವೇ ಎತ್ತುತ್ತಾರೆ. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸುತ್ತೇನೆ. ಮೊದಲು ಹೆಸರು ಬರೆಯುತ್ತೇನೆ. ಬರೆದು, ಪುಸ್ತಕವನ್ನು ಮಗುವಿನ ಕಡೆ ತಿರುಗಿಸಿ, ಸಾಲಿನ ಮೇಲೆ ಅದರ ಬೆರಳನ್ನು ಇಡಿಸಿ, ಇದು ನೀನು ಎಂದು ಹೇಳುತ್ತೇನೆ. ಓದಲು ಬಾರದ ಮಕ್ಕಳೂ ಆ ಸಾಲನ್ನು ತುಂಬಾ ಹೊತ್ತು ನೋಡುತ್ತವೆ.